ಬಳೇಪೇಟೆಯ ಕಿರೀಟಗಳು

ತಂಗಿಯ ಮಗ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಈಚೆಗೆ ಒಂದು ರಾತ್ರಿ ಫೋನ್ ಮಾಡಿದ. "ಮಾವ, ನಮ್ ಕಡೆ ಹುಡುಗ್ರೆಲ್ಲ ಸೇರ್ಕಂಡು ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ಆಡ್ತಾ ಇದೀವಿ. ನಂದು ಎರಡನೇ ದುರ್ಯೋಧನನ ಪಾರ್ಟು. ನೀನು ಪೇಟೇಲಿ ಡ್ರಾಮಾ ಡ್ರೆಸ್ ಅಂಗಡೀಲಿ ಇದ್ದೋನಲ್ವಾ, ಒಳ್ಳೆ ಕಿರೀಟ ಎಲ್ಲಿ ಸಿಕ್ತದೆ ಯೋಳು" ಅಂದ. ಹಿಂದೆಯೇ ವಾಟ್ಸಾಪಿನಲ್ಲಿ ಕರಪತ್ರವೂ ಬಂತು: 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ', ಬೆಳಿಗ್ಗೆ ಹತ್ತಕ್ಕೆ ಆರಂಭ, ಕೆಳಗೆ ಪಾತ್ರಧಾರಿಗಳ ಉದ್ದನೆಯ ಪಟ್ಟಿ, ಒಂದೊಂದು ಹೆಸರಿನ ಪಕ್ಕದಲ್ಲೂ ಪಾಸ್‌ಪೋರ್ಟ್ ಅಳತೆಯ ಒಂದೊಂದು ಮುಖ.

ಎಂಬತ್ತರ ದಶಕದಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತಿದ್ದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಬಳೇಪೇಟೆಯ ಕಡೆ ನಡೆ, ಹಾರ್ಮೋನಿಯಂ ಅಂಗಡಿ ಸಿಗುತ್ತದೆ, ಅದರ ಪಕ್ಕದ ಓಣಿಗೆ ತಿರುಗು, ಮಹಡಿಯ ಮೇಲಿಂದ ಅಂಟಿನ ವಾಸನೆ ಬಂದರೆ ಹತ್ತು ಅಂತ. ಈಗ ಆ ಅಂಗಡಿ ಇಲ್ಲ. ಅಷ್ಟನ್ನು ಹುಡುಗನಿಗೆ ಫೋನಿನಲ್ಲೇ ಹೇಳಿದೆ. ಆ ಅಂಗಡಿಯ ಸುತ್ತ ಏನೇನಿತ್ತು, ಅದು ಯಾರ ಬೆನ್ನಿನ ಮೇಲೆ ನಿಂತಿತ್ತು ಎಂಬುದು ಫೋನಿನಲ್ಲಿ ಮುಗಿಯುವ ಮಾತಾಗಿರಲಿಲ್ಲ.

ನಮ್ಮ ಊರು ಬಸರಾಳು, ಮಂಡ್ಯ ತಾಲ್ಲೂಕಿನ ಹೋಬಳಿ. ಹೊರಗಿನವರು ನಮ್ಮೂರಿಗೆ ಬಂದರೆ ಮಲ್ಲಿಕಾರ್ಜುನನ ಗುಡಿ ನೋಡಲು ಬಂದವರೇ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕ ಕಟ್ಟಿಸಿದ ತ್ರಿಕೂಟ ಗುಡಿ ಅದು. ಹೊರಗೋಡೆಯಲ್ಲಿ ಕೈಲಾಸವನ್ನೆತ್ತುವ ರಾವಣನಿದ್ದಾನೆ, ಮೀನಿಗೆ ಗುರಿಯಿಟ್ಟ ಅರ್ಜುನನಿದ್ದಾನೆ, ಕೆಳಗಿನ ಪಟ್ಟಿಕೆಗಳಲ್ಲಿ ರಾಮಾಯಣ, ಭಾರತದ ಕಥೆಗಳು ಸಾಲಾಗಿ ನಡೆಯುತ್ತವೆ. ಹುಡುಗರಾದ ನಮಗೆ ಶಿಲ್ಪಕಲೆ ಎಂಬ ಮಾತು ಗೊತ್ತಿರಲಿಲ್ಲ. ಕಿರೀಟ, ಭುಜಕೀರ್ತಿ, ಡಾಬು, ತೋಳಬಂದಿ ಇವೆಲ್ಲ ಹೇಗಿರುತ್ತವೆ ಎಂಬುದು ಮಾತ್ರ ಬೆರಳಾಡಿಸಿಯೇ ಗೊತ್ತಿತ್ತು. ಆ ಕಲ್ಲಿನ ಜನ ವರ್ಷಕ್ಕೊಮ್ಮೆ ಎದ್ದು ಬಂದು ಮಾತಾಡುತ್ತಿದ್ದರು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಯಾವುದಾದರೊಂದು ಹಳ್ಳಿಯಲ್ಲಿ ಚಪ್ಪರ ಏಳುತ್ತಿತ್ತು, ರಾತ್ರಿಯೆಲ್ಲ ಕುರುಕ್ಷೇತ್ರ.

ಮಂಡ್ಯದ ಕಡೆಯ ಪೌರಾಣಿಕ ನಾಟಕದ ಒಂದು ಸಂಗತಿಯನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಇಲ್ಲಿ ನೋಡುವವರು ದುಡ್ಡು ಕೊಡುವುದಿಲ್ಲ, ಆಡುವವರು ಕೊಡುತ್ತಾರೆ. ಒಂದೊಂದು ಪಾರ್ಟಿಗೆ ಒಂದೊಂದು ರೇಟು. ದುರ್ಯೋಧನ, ಕೃಷ್ಣನಿಗೆ ಹೆಚ್ಚು, ವಿದುರನಿಗೆ ಕಡಿಮೆ. ಕೃಷ್ಣನಾಗಬೇಕೆಂಬ ಆಸೆ ಬಹಳ ಜನರಿಗೆ ಇದ್ದರೆ ಮೊದಲನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚಿಕೊಳ್ಳುವುದು. ಆ ದುಡ್ಡಿನಲ್ಲೇ ಡ್ರಾಮಾ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಸ್ತ್ರೀಪಾತ್ರದವರ ಕೂಲಿ ಎಲ್ಲ ಆಗಬೇಕು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಲಾಟೀನಿನ ಕೆಳಗೆ ಕೂತು ಮಟ್ಟು ಕಲಿತು, ಕಂದಪದ್ಯ ಉರು ಹೊಡೆದು, ಓದು ಬಾರದವನು ಕಿವಿಯಿಂದಲೇ ಇಡೀ ಪಾರ್ಟನ್ನು ಬಾಯಿಗೆ ತಂದುಕೊಂಡು, ಕೊನೆಗೆ ಒಂದು ರಾತ್ರಿ ಎತ್ತರದ ಹಲಗೆಯ ಮೇಲೆ ನಿಲ್ಲುತ್ತಿದ್ದ. ಗದ್ದೆಯ ಬದುವಿನ ಜಗಳದಲ್ಲಿ ಸೋತು ಬಂದವನು ಅಲ್ಲಿ ಸೂಜಿಯ ಮೊನೆಯಷ್ಟು ನೆಲವನ್ನೂ ಬಿಡುವುದಿಲ್ಲ ಎಂದು ಗುಡುಗುತ್ತಿದ್ದ. ಅದಕ್ಕಾಗಿ ಕುರಿ ಮಾರಿದವರನ್ನು ನಾನು ಕಂಡಿದ್ದೇನೆ.

1978ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿಗೆ ಬಂದೆ. ನಮ್ಮ ಕಡೆಯ ಡ್ರಾಮಾ ಮೇಷ್ಟ್ರೊಬ್ಬರು ತಾವು ಬಾಡಿಗೆಗೆ ಡ್ರೆಸ್ ತರುತ್ತಿದ್ದ ಅಂಗಡಿಗೇ ನನ್ನನ್ನು ಸೇರಿಸಿದರು. ಲೆಕ್ಕ ಬರೆಯುವುದು, ಟ್ರಂಕು ತುಂಬುವುದು, ಟ್ರಂಕಿನ ಜೊತೆ ಹಳ್ಳಿಗೆ ಹೋಗಿ ಬರುವುದು ನನ್ನ ಕೆಲಸ.

ಪೇಟೆ ಎಂದರೆ ಆಗ ನನಗೆ ಅಕ್ಕಪಕ್ಕ ಎಂಬುದೇ. ನಾಟಕವೊಂದಕ್ಕೆ ಬೇಕಾದದ್ದೆಲ್ಲ ನಡಿಗೆಯ ದೂರದಲ್ಲಿತ್ತು. ಕೆಳಗಿಳಿದರೆ ಹಾರ್ಮೋನಿಯಂ, ತಬಲ ರಿಪೇರಿಯವರು. ಚಿಕ್ಕಪೇಟೆಯಲ್ಲಿ ಮಕಮಲ್ಲು, ಜರಿ. ಅವೆನ್ಯೂ ರಸ್ತೆಯಲ್ಲಿ ಹಳೇ ನಾಟಕದ ಪುಸ್ತಕಗಳು, ಅದರ ಸಂದಿಗಳಲ್ಲಿ ಕರಪತ್ರ ಅಚ್ಚು ಹಾಕುವ ಪ್ರೆಸ್ಸುಗಳು. ಹಾರಕ್ಕೆ ಕೆ.ಆರ್. ಮಾರ್ಕೆಟ್ಟು. ಅದನ್ನು ದಾಟಿದರೆ 1935ರಲ್ಲಿ ಕಟ್ಟಿದ ಪುಟ್ಟಣ್ಣ ಚೆಟ್ಟಿ ಪುರಭವನ, ಅದರಾಚೆ ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ. ಮಂಡ್ಯದವನೊಬ್ಬ ಬೆಳಿಗ್ಗೆ ಬಸ್ಸಿಳಿದು, ಡ್ರೆಸ್ಸು ಗೊತ್ತು ಮಾಡಿ, ಕರಪತ್ರಕ್ಕೆ ಕೊಟ್ಟು, ಹಾರ್ಮೋನಿಯಂ ರೀಡು ಸರಿ ಮಾಡಿಸಿಕೊಂಡು ಸಂಜೆ ಬಸ್ಸಿಗೆ ಊರು ಸೇರಬಹುದಾಗಿತ್ತು. ನಾಟಕದ ಖರ್ಚನ್ನು ಕೂಲಿ ಮಾಡುವವನ ಕೈಗೆ ಎಟುಕಿಸಿದ್ದು ಈ ಹತ್ತಿರವೇ ಎಂದು ಈಗ ತಿಳಿಯುತ್ತದೆ.

ನಮ್ಮ ಯಜಮಾನರದು ಮರಾಠಿ ಮನೆಮಾತು. ತಾತನ ಕಾಲದಿಂದ ಹೊಲಿಗೆಯವರು. ಜರಿ ಕೆಲಸದ ಭಾಯಿ ಕಾಟನ್‌ಪೇಟೆಯಿಂದ ಬರುತ್ತಿದ್ದರು, ಮನೆಯಲ್ಲಿ ಉರ್ದು. ಮರದ ಚೌಕಟ್ಟಿಗೆ ಮಕಮಲ್ಲನ್ನು ಬಿಗಿದು, ನೆಲದ ಮೇಲೆ ಕಾಲು ಮಡಚಿ ಕೂತರೆ ನಮಾಜಿಗೆ ಮಾತ್ರ ಏಳುವುದು. ಎದೆಕವಚದ ಮೇಲೆ ಅವರ ಚಮ್ಕಿಯ ಹೂವು ಅರಳಿದ ಮೇಲೇ ಅದು ದುರ್ಯೋಧನನದು ಅನಿಸುತ್ತಿದ್ದದ್ದು. ವಿಗ್ಗು, ಗಡ್ಡ, ಮೀಸೆ ಕಟ್ಟುವವರು ತೆಲುಗು ಮಾತಾಡುವ ಅಣ್ಣತಮ್ಮಂದಿರು. ಮುಖಕ್ಕೆ ಬಣ್ಣ ಹಾಕುತ್ತಿದ್ದ ಹಿರಿಯರು ಪೇಟೆಯಲ್ಲೇ ಹುಟ್ಟಿ ಬೆಳೆದ ತಮಿಳರು, ನಾವೆಲ್ಲ ಅವರನ್ನು 'ಬಣ್ಣದಯ್ಯ' ಅನ್ನುತ್ತಿದ್ದೆವು. ಇಷ್ಟು ಜನ ಸೇರಿ ಒಬ್ಬ ಗೌಡರ ಹುಡುಗನನ್ನು ಕನ್ನಡದ ಕೌರವನನ್ನಾಗಿ ಮಾಡುತ್ತಿದ್ದರು.

ಕಿರೀಟ ಮಾಡುವುದನ್ನು ನಾನು ಅಲ್ಲೇ ಕಲಿತೆ. ಮರದ ಅಚ್ಚಿಗೆ ಮೊದಲು ಎಣ್ಣೆ ಸವರಬೇಕು. ಹಳೇ ಪೇಪರನ್ನು ಹರಿದು, ಮೈದಾ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಮೆತ್ತುತ್ತ ಹೋಗಬೇಕು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಒಂದು ಮಳೆಗಾಲದಲ್ಲಿ ಜಿರಳೆ ಕಿರೀಟವನ್ನೇ ತಿಂದು ಮುಗಿಸುತ್ತದೆ. ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿ, ಅಂಚು ಕತ್ತರಿಸಿ, ಬೇಗಡೆ ಹಚ್ಚಿ, ಮಣಿ ಕೂರಿಸುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಗೆ ಒಳಗಡೆ ಹೊಲಿಯುವ ಹತ್ತಿ ಬಟ್ಟೆಯ ಪಟ್ಟಿ. ಪಾರ್ಟುದಾರನ ಬೆವರು ಕಾಗದಕ್ಕೆ ಇಳಿಯಬಾರದು. ಯಜಮಾನರು ಹೊಸ ಕಿರೀಟವನ್ನು ಕೈಗೆ ತೆಗೆದುಕೊಂಡರೆ ಹೊರಗಿನ ಥಳಕನ್ನು ನೋಡುತ್ತಲೇ ಇರಲಿಲ್ಲ. ಒಳಗೆ ಬೆರಳು ಹಾಕಿ ಪಟ್ಟಿಯ ಹೊಲಿಗೆ ಮುಟ್ಟಿ ನೋಡುತ್ತಿದ್ದರು. "ನೋಡೋರು ಹೊರಗೆ ನೋಡ್ತಾರೆ ಮಗ, ಹಾಕ್ಕೊಳೋನು ಒಳಗೆ ಇರ್ತಾನೆ" ಅನ್ನುತ್ತಿದ್ದರು.

ಬಣ್ಣದಯ್ಯನ ಪೆಟ್ಟಿಗೆಯಲ್ಲಿ ಸಫೇದು, ಅರದಾಳ, ಇಂಗಳೀಕ, ಕಾಡಿಗೆ, ಕೊಬ್ಬರಿ ಎಣ್ಣೆ. ಮೀಸೆಗೆ ಕ್ರೇಪಿನ ಕೂದಲು, ಅಂಟಿಸಲು ಸ್ಪಿರಿಟ್ ಗಮ್ಮು. ಹಳ್ಳಿಗೆ ಹೋದರೆ ಅವರು ಮೊದಲು ಪಾರ್ಟುದಾರನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಲಾಟೀನಿನ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ಜೀವಮಾನದಲ್ಲಿ ಯಾರೂ ಅಷ್ಟು ಹತ್ತಿರದಿಂದ, ಅಷ್ಟು ಅಕ್ಕರೆಯಿಂದ ನೋಡಿರದ ಮುಖಗಳು ಅವು. ಗಟ್ಟಿ ಗಂಡಸರು ಆ ಕೈಯಲ್ಲಿ ಮಕ್ಕಳಂತೆ ಕೂರುತ್ತಿದ್ದರು. ಬೆಳಗಿನ ಜಾವ ನಾಟಕ ಮುಗಿದರೂ ಕಿರೀಟ ಬಿಚ್ಚುವ ಮನಸ್ಸು ಯಾರಿಗೂ ಇರುತ್ತಿರಲಿಲ್ಲ. ಹಾಗೇ ಮನೆಗೆ ಹೋಗಿ ಕಣ್ಣು ಕಾಣದ ತಾಯಿಯ ಕೈಯನ್ನು ತನ್ನ ಭುಜಕೀರ್ತಿಯ ಮೇಲಿಟ್ಟ ಭೀಮನೊಬ್ಬನಿದ್ದ. ನಾನು ಅವನ ಹಿಂದೆಯೇ ಟ್ರಂಕಿನ ಪಟ್ಟಿ ಹಿಡಿದು ನಿಂತಿದ್ದೆ.

ಪೇಟೆಗೆ ತನ್ನದೇ ಆದ ಭಾರತವೂ ಇತ್ತು. ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ದ್ರೌಪದಿಯದು. ತಿಗಳರ ಮನೆಯ ಗಂಡಸು ಹೆಣ್ಣಿನ ಉಡುಗೆ ತೊಟ್ಟು, ಮಲ್ಲಿಗೆ ಮುಚ್ಚಿದ ಕರಗ ಹೊತ್ತು, ಕತ್ತಿ ಹಿಡಿದ ವೀರಕುಮಾರರ ನಡುವೆ ಇಡೀ ಪೇಟೆ ಸುತ್ತುತ್ತಾನೆ. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರುವುದು ಪದ್ಧತಿ. ಜರಿಯ ಭಾಯಿ ಆ ರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು ದರ್ಗಾದ ಮುಂದೆ ಕಾಯುತ್ತಿದ್ದರು. ನಮ್ಮೂರ ಕಲ್ಲಿನಲ್ಲಿ, ನಮ್ಮ ಕಡೆಯ ಹಲಗೆಯ ಮೇಲೆ ಕಂಡಿದ್ದ ಕಥೆ ಇಲ್ಲಿ ಬೀದಿಯಲ್ಲಿ, ಬೇರೆ ಬೇರೆ ಮನೆಮಾತಿನ ಜನರ ನಡುವೆ ನಡೆಯುತ್ತಿತ್ತು. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ಸಂಗೀತ. 1939ರಲ್ಲಿ ಆರಂಭವಾದ ಆ ಮಂಡಳಿಯ ಚಪ್ಪರದ ಹೊರಗೆ, ಟಿಕೆಟ್ಟಿಗೆ ದುಡ್ಡಿಲ್ಲದ ನಮ್ಮಂಥವರು ಬೇಲಿಗೆ ಒರಗಿ ಕೇಳುತ್ತಿದ್ದೆವು. ಪೌರಾಣಿಕ ನಾಟಕದ ಮಟ್ಟುಗಳು ಯಾವ ರಾಗದ ಮಕ್ಕಳು ಎಂಬುದನ್ನು ನಮ್ಮ ಹಾರ್ಮೋನಿಯಂ ಮೇಷ್ಟ್ರು ಆ ಬೇಲಿಯ ಪಕ್ಕದಲ್ಲೇ ನನಗೆ ತೋರಿಸಿಕೊಟ್ಟರು.

ಕಲಾಕ್ಷೇತ್ರವೇ ಬೇರೆ ಲೋಕ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆಂದು ಕಟ್ಟಿ 1963ರಲ್ಲಿ ತೆರೆದ ರಂಗಮಂದಿರ ಅದು. ನಾನು ಬರುವುದಕ್ಕೆ ಮೊದಲೇ, 1972ರಲ್ಲಿ, ಬಿ.ವಿ. ಕಾರಂತರು ಅಲ್ಲಿಯ ಬಯಲಿನಲ್ಲಿ ಲಂಕೇಶರ 'ಸಂಕ್ರಾಂತಿ', ಲಂಕೇಶರೇ ಕನ್ನಡಕ್ಕೆ ತಂದ 'ಈಡಿಪಸ್', ಕಂಬಾರರ 'ಜೋಕುಮಾರಸ್ವಾಮಿ' ಆಡಿಸಿ ಹೊಸ ರಂಗಭೂಮಿಯ ಗಾಳಿ ಎಬ್ಬಿಸಿದ್ದರು. ಆ ಬಯಲಿಗೆ ಮುಂದೆ ನಾಟಕಕಾರ ಸಂಸರ ಹೆಸರು ಬಂತು. ನಾನು ಕಂಡದ್ದು ಆ ಗಾಳಿಯ ನಂತರದ ವರ್ಷಗಳನ್ನು. ಬೆನಕ ನಾಟಕ ತಂಡದವರ 'ಸತ್ತವರ ನೆರಳು' ನೋಡಿದ ರಾತ್ರಿ ಅಂಗಡಿಯ ಮಹಡಿಗೆ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ. ಬೇಗಡೆ ಇಲ್ಲದೆ, ಪರದೆ ಏರಿಳಿಸದೆ, ಹಾಡು ಮತ್ತು ಮೈಯಿಂದಲೇ ಇಷ್ಟು ಮಾಡಬಹುದೇ ಎಂಬ ಬೆರಗು.

ಹೊಸ ನಾಟಕದ ಹುಡುಗರು ನಮ್ಮ ಅಂಗಡಿಗೂ ಬರುತ್ತಿದ್ದರು. ಹೊಳೆಯುವ ಯಾವುದೂ ಅವರಿಗೆ ಬೇಡ. ಅಟ್ಟ ಹತ್ತಿ, ಬಣ್ಣ ಹೋದ ಮಕಮಲ್ಲು, ಜರಿ ಕಪ್ಪಾದ ಅಂಗಿ, ಮಣಿ ಉದುರಿದ ಕಿರೀಟಗಳನ್ನು ಹುಡುಕಿ ಇಳಿಸುತ್ತಿದ್ದರು. ಯಜಮಾನರಿಗೆ ಮೊದಮೊದಲು ಅರ್ಥವಾಗಲಿಲ್ಲ. ಒಂದು ಸಂಜೆ ಕಲಾಕ್ಷೇತ್ರಕ್ಕೆ ಬಂದು ಕೊನೆಯ ಸಾಲಿನಲ್ಲಿ ಕೂತು, ತಮ್ಮ ತಂದೆ ಹೊಲಿದ ನಿಲುವಂಗಿಯನ್ನು ದೀಪದ ಕೆಳಗೆ ನೋಡಿದರು. ಆಮೇಲೆ ಆ ಹಳೇ ಬಟ್ಟೆಗಳಿಗೆ ಬಾಡಿಗೆ ಕೇಳುವುದನ್ನೇ ಬಿಟ್ಟರು. ನಮ್ಮ ವಿಮರ್ಶಕರು ಬರೆದ ರಂಗಭೂಮಿಯ ಚರಿತ್ರೆಯಲ್ಲಿ ಪೌರಾಣಿಕ ನಾಟಕವೂ ಹೊಸ ನಾಟಕವೂ ಎರಡು ದಡದಲ್ಲಿ ನಿಲ್ಲುತ್ತವೆ. ಬಳೇಪೇಟೆಯ ಅಟ್ಟದಲ್ಲಿ ಅವೆರಡರ ಬಟ್ಟೆಯೂ ಒಂದೇ ಟ್ರಂಕಿನಲ್ಲಿತ್ತು.

ಬೆಂಗಳೂರಿನಲ್ಲಿ ಕುರುಕ್ಷೇತ್ರ ಆಡುತ್ತಿದ್ದವರು ಹೆಚ್ಚಾಗಿ ಕಾರ್ಖಾನೆಯವರು. ಎಚ್‌ಎಂಟಿ, ಐಟಿಐ, ಎಚ್‌ಎಎಲ್, ಬಿಇಎಲ್, ಬಿನ್ನಿ ಮಿಲ್ಲು. ಜೊತೆಗೆ ಪೊಲೀಸರು, ಬಸ್ ಕಂಡಕ್ಟರುಗಳು. ಮಂಡ್ಯ, ತುಮಕೂರು, ಹಾಸನದಿಂದ ಬಂದು ನೆಲೆಸಿದ ಇವರು ಪಾಳಿ ಮುಗಿಸಿಕೊಂಡು ಅಭ್ಯಾಸಕ್ಕೆ ಸೇರುತ್ತಿದ್ದರು. ಅವರ ಸಂಬಳಕ್ಕೂ ನಮ್ಮ ಕಿರೀಟಕ್ಕೂ ಎಷ್ಟು ಹತ್ತಿರದ ನಂಟು ಎಂಬುದು ನನಗೆ ಗೊತ್ತಾದದ್ದು 1980ರ ಡಿಸೆಂಬರಿನಲ್ಲಿ ಸಾರ್ವಜನಿಕ ವಲಯದ ಕಾರ್ಖಾನೆಗಳ ಮುಷ್ಕರ ಶುರುವಾದಾಗ. 77 ದಿನ ಗೇಟು ಮುಚ್ಚಿತ್ತು. ಸರಿಯಾಗಿ ನಾಟಕದ ಕಾಲ. ಬುಕ್ಕಿಂಗ್ ಪುಸ್ತಕದಲ್ಲಿ ಒಂದಾದ ಮೇಲೊಂದು ಹೆಸರಿನ ಮೇಲೆ ಗೆರೆ ಎಳೆದೆ. ಭಾಯಿಯ ಚೌಕಟ್ಟು ಗೋಡೆಗೆ ಒರಗಿಯೇ ಉಳಿಯಿತು. ಕಾರ್ಮಿಕನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಪೇಟೆಯ ಕಲಾವಿದನ ಒಲೆ ಉರಿಯುವುದಿಲ್ಲ. ಸರ್ಕಾರದ ಸಂಸ್ಕೃತಿ ಇಲಾಖೆಯ ಯಾವ ಅನುದಾನವೂ ಆ ಚಳಿಗಾಲದಲ್ಲಿ ನಮ್ಮ ಓಣಿಯವರೆಗೆ ಬರಲಿಲ್ಲ.

ಆ ವರ್ಷಗಳಲ್ಲಿ ನಾನು ಕಂಡ ಒಬ್ಬ ಕೃಷ್ಣನ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯ ಒಂದು ಹಳ್ಳಿಯ ಕೇರಿಯಿಂದ ಬಂದು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವನು. ಕಂಠ ಎಂದರೆ ಕಂಠ. ಊರಿನ ನಾಟಕದಲ್ಲಿ ಅವನಿಗೆ ದ್ವಾರಪಾಲಕನ ಪಾರ್ಟನ್ನೂ ಕೊಟ್ಟಿರಲಿಲ್ಲ. ಆ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಕೇರಿಯವರು ನಾಟಕ ನೋಡುತ್ತಿದ್ದದ್ದೇ ಚಪ್ಪರದ ಆಚೆ ನಿಂತು. ಅವನು ಕಾರ್ಖಾನೆಯ ಮಂಡಳಿಯಲ್ಲಿ ದುಡ್ಡು ಕಟ್ಟಿ ಮೊದಲನೇ ಕೃಷ್ಣನ ಪಾರ್ಟು ಹಿಡಿದ. ಅಂಗಡಿಗೆ ತಾನೇ ಬಂದು, ಒಂದೊಂದೇ ಕಿರೀಟವನ್ನು ತಲೆಗಿಟ್ಟು ನೋಡಿ, "ನವಿಲುಗರಿ ಹೊಸದು ಹಾಕ್ಸಣ್ಣ, ದುಡ್ಡು ಎಷ್ಟಾದ್ರೂ ಕೊಡ್ತೀನಿ" ಅಂದ. ಕಲಾಕ್ಷೇತ್ರದಲ್ಲಿ ಅವನು ಹಾಡಿದಾಗ ಒನ್ಸ್ ಮೋರ್ ನಿಲ್ಲಲಿಲ್ಲ. ಅವನ ಊರಿನ ಕೆಲವರು ಬಂದಿದ್ದರು. ಒಬ್ಬ ಯಜಮಾನ ಮೇಲೆ ಹತ್ತಿ ನೋಟಿನ ಹಾರ ಹಾಕಿದ. ಇನ್ನು ಕೆಲವರು ಅವನು ಬರುವ ಸೀನಿಗೆ ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬಂದರು. ಎರಡನ್ನೂ ನಾನು ನೋಡಿದೆ, ಎರಡನ್ನೂ ಬರೆಯುತ್ತಿದ್ದೇನೆ. ಕೇರಿಯ ಹುಡುಗನಿಗೆ ಕೃಷ್ಣನಾಗುವ ಜಾಗವನ್ನು ಮೊದಲು ಕೊಟ್ಟದ್ದು ಊರಲ್ಲ, ಪೇಟೆ.

ಹಾಗೆಂದು ಪೇಟೆಯನ್ನು ಬೃಂದಾವನ ಮಾಡಿ ಹೇಳಲಾರೆ. ದ್ರೌಪದಿ, ಕುಂತಿ, ಉತ್ತರೆಯಾಗಿ ಹೋಗುತ್ತಿದ್ದ ಹೆಣ್ಣುಮಕ್ಕಳ ಕಥೆಯೇ ಬೇರೆ. ನಮ್ಮ ಓಣಿಯ ಹಿಂದೆಯೇ ಒಬ್ಬರಿದ್ದರು, ಕಂಪನಿ ನಾಟಕಗಳಲ್ಲಿ ಬೆಳೆದವರು. ಕುರುಕ್ಷೇತ್ರದ ಎಲ್ಲ ಸ್ತ್ರೀಪಾತ್ರಗಳೂ ಬಾಯಲ್ಲಿದ್ದವು, ಎದುರಿನ ಪಾರ್ಟುದಾರ ಮರೆತರೆ ಅವನ ಮಾತನ್ನೂ ಮೆಲ್ಲಗೆ ಎತ್ತಿಕೊಡುತ್ತಿದ್ದರು. ರಾತ್ರಿಯಿಡೀ ನಾಟಕವನ್ನು ಹೊತ್ತು ನಡೆಸುತ್ತಿದ್ದವರು ಅವರೇ. ಆದರೆ ಕೂಲಿ ಸೀನರಿಯ ಬಾಡಿಗೆಗಿಂತ ಕಡಿಮೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅದೇ ಊರಿನ ಗಂಡಸರ ಕೊಂಕು ಮಾತು. ಪೇಟೆಯಲ್ಲಿ ನಾಟಕದವರೆಂದು ಮನೆ ಬಾಡಿಗೆಗೆ ಸಿಗುತ್ತಿರಲಿಲ್ಲ. "ಹಲಗೆ ಮೇಲಿದ್ದಾಗ ಅಮ್ಮ ಅಂತ ಕಾಲಿಗೆ ಬೀಳ್ತಾರೆ, ಇಳಿದ ಮೇಲೆ ಒಂದು ಲೋಟ ನೀರು ಕೇಳೋಕೂ ಯೋಚನೆ ಮಾಡ್ಬೇಕು" ಎಂದು ಅವರು ಒಮ್ಮೆ ಹೇಳಿದ್ದರು. ಭಾಯಿಯ ಕಣ್ಣು ನಲವತ್ತೈದಕ್ಕೇ ಮಂಜಾಯಿತು; ಚಮ್ಕಿಯ ಲೆಕ್ಕದಲ್ಲಿ ಕೂಲಿ, ಕಣ್ಣಿನ ಲೆಕ್ಕ ಯಾರೂ ಇಡಲಿಲ್ಲ. ಕುರುಕ್ಷೇತ್ರ ಅಗ್ಗವಾಗಿ ಸಿಗುತ್ತಿತ್ತು ಎಂದೆನಲ್ಲ, ಆ ಅಗ್ಗದ ಒಂದು ಪಾಲು ಇವರಿಂದ ಕಿತ್ತುಕೊಂಡದ್ದು.

1991ರ ಡಿಸೆಂಬರ್ ಇನ್ನೊಂದು ಗಾಯ. ತಮಿಳುನಾಡಿಗೆ 205 ಟಿಎಂಸಿ ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂತು. ಕನ್ನಂಬಾಡಿಯ ನೀರು ನೆಚ್ಚಿದ ಜಿಲ್ಲೆ ನಮ್ಮದು. ರೈತನ ಹೊಟ್ಟೆಯ ಸಂಕಟ ನನಗೆ ಗೊತ್ತಿತ್ತು, ಈಗಲೂ ಗೊತ್ತಿದೆ. ಆದರೆ ಬೆಂಗಳೂರಿನಲ್ಲಿ ಆ ಸಿಟ್ಟು ತಿರುಗಿದ್ದು ಕೂಲಿ ಮಾಡಿ ಬದುಕುವ ತಮಿಳರ ಗುಡಿಸಲುಗಳ ಮೇಲೆ. ಬೆಂಕಿ, ಲೂಟಿ, ಸಾವು. ಬಣ್ಣದಯ್ಯ ಮನೆಯ ಬಾಗಿಲು ಹಾಕಿಕೊಂಡು ಕೂತರು. ಜೀವಮಾನವೆಲ್ಲ ಮಂಡ್ಯದ ಹಳ್ಳಿಗಳಲ್ಲಿ ಕೃಷ್ಣನಿಗೆ ನೀಲಿ ಹಚ್ಚಿದ ಕೈ ಅವರದು. ಭಾಯಿ ದಿನವೂ ಅವರಿಗೆ ಹಾಲು, ತರಕಾರಿ ಮುಟ್ಟಿಸಿ ಬರುತ್ತಿದ್ದರು.

ಶಿವರಾತ್ರಿಯ ಹೊತ್ತಿಗೆ ಮದ್ದೂರಿನ ಕಡೆಯ ಒಂದು ತಂಡದವರು ಬುಕ್ ಮಾಡಲು ಬಂದರು. "ಅಯ್ನೋರು ಬತ್ತಾರೆ ತಾನೆ?" ಎಂದು ಕೇಳಿದರು. ಅವರಿಗೆ ಅದು ಬೇರೆಯೇ ವಿಷಯ. ನೀರಿನ ಜಗಳ ನೀರಿನದು, ಬಣ್ಣ ಬಣ್ಣದ್ದು. ಯಜಮಾನರು ಹೋಗಿ ಕರೆದರು, ನಾನೂ ಹೋದೆ. ಬಣ್ಣದಯ್ಯ ಒಳಗಿನಿಂದ ಪೆಟ್ಟಿಗೆ ತಂದು ನನ್ನ ಕೈಗಿಟ್ಟರು. "ಈ ವರ್ಷ ನೀನೇ ಹಚ್ಚಪ್ಪ. ನಂಗೆ ಕೈ ನಡುಗ್ತದೆ" ಅಂದರು. ಆ ರಾತ್ರಿ ಕೃಷ್ಣನಿಗೆ ಬಣ್ಣ ಹಾಕಿದ್ದು ನಾನೇ. ಮುಂದಿನ ವರ್ಷದಿಂದ ಅವರು ಕಲಾಕ್ಷೇತ್ರಕ್ಕೆ ಬರಲು ಶುರು ಮಾಡಿದರು, ಹಳ್ಳಿಗೆ ಮತ್ತೆ ಬರಲಿಲ್ಲ. ನಾಲ್ಕು ಭಾಷೆ ಒಂದೇ ಮಹಡಿಯಲ್ಲಿ ಕೂತು ಕೆಲಸ ಮಾಡಿದ ಮಾತ್ರಕ್ಕೆ ಎಲ್ಲರಿಗೂ ಒಂದೇ ಧೈರ್ಯ ಇರುವುದಿಲ್ಲ. ನಮ್ಮ ಭಾಷೆಯನ್ನು ಅಷ್ಟು ಪ್ರೀತಿಯಿಂದ ಅಲಂಕರಿಸಿದವರಿಗೆ ಆ ಧೈರ್ಯ ಕೊಡುವ ಹೊಣೆ ನಮ್ಮದಾಗಿತ್ತು. ನಾವು ಅದನ್ನು ಪೂರ್ತಿ ಹೊರಲಿಲ್ಲ.

ಆಮೇಲೆ ಅಂಗಡಿ ಹೇಗೆ ಕರಗಿತು ಎಂಬುದನ್ನು ಹೇಳುವುದು ಸುಲಭ. ಕಾರ್ಖಾನೆಗಳು ಸೊರಗಿದವು. ಪೇಟೆಯ ಜಾಗದ ಬೆಲೆ ಏರಿತು, ಮಹಡಿಗಳೆಲ್ಲ ಗೋಡೌನುಗಳಾದವು. ಯಂತ್ರದ ಕಸೂತಿ ಬಂದ ಮೇಲೆ ಭಾಯಿಯ ಮಕ್ಕಳು ಆ ಕೆಲಸಕ್ಕೆ ಕೂರಲಿಲ್ಲ, ಅವರನ್ನು ಕೂರಿಸಬೇಕೆಂದು ಭಾಯಿಗೂ ಅನಿಸಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಟ್ರಂಕುಗಳು ಒಂದೊಂದಾಗಿ ಮಾರಾಟವಾದವು. ನಾನು ಊರಿಗೆ ಹಿಂತಿರುಗಿ ತೋಟ ನೋಡಿಕೊಂಡೆ.

ಹುಡುಗನಿಗಾಗಿ ಹೋದ ವಾರ ಪೇಟೆಗೆ ಹೋಗಿದ್ದೆ. 2017ರಿಂದ ಚಿಕ್ಕಪೇಟೆಯ ಕೆಳಗೇ ಮೆಟ್ರೋ ಓಡುತ್ತದೆ. ಮೇಲೆ ಹತ್ತಿ ಬಂದರೆ ಅದೇ ನೂಕುನುಗ್ಗಲು, ಅದೇ ಹೊರೆ ಹೊತ್ತವರು. ಬಳೇಪೇಟೆಯಲ್ಲಿ ವಾದ್ಯದ ಅಂಗಡಿಗಳು ಇನ್ನೂ ಇವೆ. ಕಿವಿಗೆ ಹಾರ್ಮೋನಿಯಂ ಬಿದ್ದಾಗ ಜೀವ ಹಗುರಾಯಿತು. ನಮ್ಮ ಮಹಡಿಯಲ್ಲಿ ಮೊಬೈಲ್ ಕವರುಗಳ ಗಂಟುಗಳಿವೆ. ನಾಟಕದವರಿಗೆ ಈಗ ಎಲ್ಲವೂ ಗುತ್ತಿಗೆಯಲ್ಲಿ ಸಿಗುತ್ತದೆ. ಸೀನರಿ, ಡ್ರೆಸ್ಸು, ಬಣ್ಣ, ಲೈಟು ಒಂದೇ ವ್ಯಾನಿನಲ್ಲಿ ಜಿಲ್ಲೆಗಳಿಂದ ಬಂದಿಳಿಯುತ್ತವೆ. ಕಿರೀಟ ಫೈಬರಿನದು, ಹಗುರ, ಮಳೆಗೂ ಹೆದರುವುದಿಲ್ಲ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಹುಡುಗನಿಗೆ ಅಂಥದ್ದೇ ಒಂದನ್ನು ಗೊತ್ತು ಮಾಡಿಸಿ, ಒಳಗೆ ಹತ್ತಿಯ ಪಟ್ಟಿ ಹೊಲಿಸಿಕೊ ಎಂದೆ.

ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ನಿಂತಿಲ್ಲ. ಪಾತ್ರಧಾರಿಗಳ ಪಟ್ಟಿಯಲ್ಲಿ ಕಾರ್ಖಾನೆಯವರ ಜಾಗಕ್ಕೆ ಚಾಲಕರು, ಸೆಕ್ಯುರಿಟಿಯವರು, ತರಕಾರಿ ವ್ಯಾಪಾರಿಗಳು, ಮೇಸ್ತ್ರಿಗಳು ಬಂದಿದ್ದಾರೆ. ಸಂಜೆಯ ಪ್ರೇಕ್ಷಕರಿಗೆ ಈ ಹಗಲಿನ ನಾಟಕಗಳು ನಡೆಯುವುದೇ ಗೊತ್ತಿರುವುದಿಲ್ಲ. ಪತ್ರಿಕೆಯ ರಂಗವಿಮರ್ಶೆಗೆ ಅವು ಸೇರುವುದು ಅಪರೂಪ. ನನ್ನ ಅಳತೆ ಬೇರೆ. ಒಂದು ಊರಿನ ಸಂಸ್ಕೃತಿಯನ್ನು ಅಲ್ಲಿಗೆ ಬಂದುಹೋಗುವ ದೊಡ್ಡ ಕಲಾವಿದರಿಂದ ನಾನು ಅಳೆಯುವುದಿಲ್ಲ. ಆ ಊರಿನ ಕೂಲಿಯವನು ತಾನೇ ಹಲಗೆ ಹತ್ತಲು ಎಷ್ಟು ಖರ್ಚಾಗುತ್ತದೆ, ಆ ಖರ್ಚಿನಲ್ಲಿ ಕಿರೀಟ ಮಾಡಿದವನಿಗೂ ದ್ರೌಪದಿಯಾದವಳಿಗೂ ನ್ಯಾಯವಾದ ಪಾಲು ಸಿಗುತ್ತದೆಯೇ, ಇವೆರಡನ್ನು ಕೇಳುತ್ತೇನೆ. ನಮ್ಮ ಪೇಟೆ ಮೊದಲನೆಯದನ್ನು ಚೆನ್ನಾಗಿ ಮಾಡಿತ್ತು, ಎರಡನೆಯದರಲ್ಲಿ ಸೋತಿತ್ತು.

ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. ಹಗಲು ಹೊತ್ತಿನ ಹವ್ಯಾಸಿ ತಂಡಗಳಿಗೆ ಸರ್ಕಾರಿ ರಂಗಮಂದಿರದ ಬಾಡಿಗೆ ಎಂದೂ ಭಾರವಾಗಬಾರದು. ಪೇಟೆಯಲ್ಲಿ ಸರ್ಕಾರದ, ಪಾಲಿಕೆಯ ಹಳೆಯ ಕಟ್ಟಡಗಳಿವೆ. ಅವುಗಳಲ್ಲಿ ಒಂದು ಮಹಡಿಯನ್ನಾದರೂ ಕಡಿಮೆ ಬಾಡಿಗೆಗೆ ಕಿರೀಟದವರಿಗೆ, ಜರಿಯವರಿಗೆ, ವಾದ್ಯ ರಿಪೇರಿಯವರಿಗೆ ಬಿಟ್ಟುಕೊಟ್ಟರೆ ಆ ಹಳೆಯ ಹತ್ತಿರ ಮತ್ತೆ ಬರುತ್ತದೆ. ತಂಡದವರು ಮಾಡಬೇಕಾದದ್ದೂ ಇದೆ. ಸ್ತ್ರೀಪಾತ್ರದವರಿಗೆ ದುರ್ಯೋಧನನ ಪಾರ್ಟಿಗೆ ಕಟ್ಟಿದಷ್ಟಾದರೂ ದುಡ್ಡು, ಹೋಗಿಬರಲು ಗಾಡಿ, ಬಣ್ಣ ತೆಗೆಯಲು ಬಾಗಿಲಿರುವ ಒಂದು ಕೋಣೆ ಕೊಡಬೇಕು.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ಪಾರ್ಟಿನ ದುಡ್ಡಿಗಾಗಿ ತಿಂಗಳಿಂದ ರಾತ್ರಿ ಪಾಳಿಯಲ್ಲೂ ಗಾಡಿ ಓಡಿಸುತ್ತಿದ್ದಾನೆ, ಏರ್‌ಪೋರ್ಟ್ ರಸ್ತೆಯಲ್ಲಿ ಗಾಜು ಏರಿಸಿಕೊಂಡು ಪದ್ಯ ಅಭ್ಯಾಸ ಮಾಡುತ್ತಾನೆ. "ಕೋಣೆ ವಿಷ್ಯ ನಾಳೆ ಮೀಟಿಂಗಲ್ಲಿ ಎತ್ತುತೀನಿ ಮಾವ, ದುಡ್ಡಿನ ವಿಷ್ಯನೂ ಎತ್ತುತೀನಿ, ಜಗಳ ಆಗ್ತದೆ" ಅಂದ. ಆಗಲಿ ಅಂದೆ. ಆ ಜಗಳವನ್ನು ನಾವು ನಮ್ಮ ಕಾಲದಲ್ಲೇ ಆಡಬೇಕಾಗಿತ್ತು. ಅವರು ಆಡಿ ಗೆದ್ದರೆ, ಅವರ ಕುರುಕ್ಷೇತ್ರ ನಮ್ಮದಕ್ಕಿಂತ ದೊಡ್ಡದು.